ಡಬ್ಬಿಯೊಳಗಿನ ನಾಲ್ಕು ಆಮೆಗಳು

ಖಡಕಿಯ ನಮ್ಮ ಮನೆಯಲ್ಲಿ ಎರಡೇ ಕೋಣೆ. ಮುಂದಿನದರಲ್ಲಿ ಅಪ್ಪನ ಕ್ಯಾಮೆರಾ, ಹಿಂದಿನದರಲ್ಲಿ ಅವ್ವನ ಒಲೆ, ನಡುವಿನ ಬಾಗಿಲಲ್ಲಿ ಇಬ್ಬರ ಜಗಳ. ಸರಕಾರಿ ಮದ್ದುಗುಂಡಿನ ಕಾರ್ಖಾನೆಯವರು ಕೊಟ್ಟ ಮನೆ ಅದು. ಸಾಲಾಗಿ ಹನ್ನೆರಡು ಮನೆ, ಎಲ್ಲಕ್ಕೂ ಸೇರಿ ಒಂದೇ ಹಂಚಿನ ಮಾಡು, ಒಂದೇ ಉದ್ದನೆಯ ಕಟ್ಟೆ. ಅಪ್ಪ ಅಲ್ಲಿ ಫಿಟ್ಟರ್. ವಾರವಿಡೀ ಸರಕಾರದ ಕಬ್ಬಿಣ ಉಜ್ಜಿ ಬಂದವನು ರವಿವಾರ ಕೂತು ತನ್ನ ಹಿತ್ತಾಳೆ ಉಜ್ಜುತ್ತಿದ್ದ. ಹಳೆಯ ಕ್ಯಾಮೆರಾ ಲೆನ್ಸುಗಳ ಹುಚ್ಚು ಅವನಿಗೆ. ಎಲ್ಲ ಲೆನ್ಸುಗಳದ್ದೂ ಅಲ್ಲ, ಒಳಗೆ ಸರಿಯುವಂಥವುಗಳದ್ದು ಮಾತ್ರ. ಕೆಲಸ ಮುಗಿದ ಮೇಲೆ ಒತ್ತಿದರೆ ಅವು ಕ್ಯಾಮೆರಾದ ಹೊಟ್ಟೆಯೊಳಗೆ ಹೋಗಿ ಕೂಡುತ್ತವೆ. ಬೇಕಾದಾಗ ಹೊರಗೆಳೆದು ಬಲಕ್ಕೆ ತಿರುಗಿಸಿದರೆ ಕಟ್ ಎಂದು ಬಿಗಿದು ನಿಲ್ಲುತ್ತವೆ. ಕತ್ತು ಒಳಗೆ, ಕತ್ತು ಹೊರಗೆ. ಅವ್ವ ಒಂದು ದಿನ ಸಿಟ್ಟಿನಲ್ಲಿ ಅವನ್ನು ಆಮೆ ಎಂದು ಕರೆದಳು, ಆ ಹೆಸರೇ ನಿಂತುಬಿಟ್ಟಿತು. ಪರದೇಶಕ್ಕೆ ಮರಳಿದ ಸಾಹೇಬರು, ನೌಕರಿ ಮುಗಿಸಿದ ಫೌಜಿನವರು ಬಿಟ್ಟುಹೋದ ಸಾಮಾನು ಹಳೆ ಬಾಜಾರದಲ್ಲಿ ಗೋಣಿತಟ್ಟಿನ ಮೇಲೆ ಬಿದ್ದಿರುತ್ತಿತ್ತು. ತಿರುಪು ಹಿಡಿದುಕೊಂಡದ್ದು, ಗಾಜಿಗೆ ಬೂಷ್ಟು ಬಂದದ್ದು, ಅಂಥವನ್ನೇ ಅಪ್ಪ ಆರಿಸಿ ತರುತ್ತಿದ್ದ. ಒಳ್ಳೆಯದನ್ನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ, ಕೆಟ್ಟದ್ದನ್ನು ಬಿಚ್ಚುವ ಕೈ ಇತ್ತು. ಹೀಗೆ ನಾಲ್ಕು ಆಮೆಗಳು ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಹತ್ತಿಯ ಮೇಲೆ ಮಲಗಿದ್ದವು. ಮನೆಯಲ್ಲಿ ಹಾಸಿಗೆ ಸಾಲದೆ ನಾನು ನೆಲದ ಮೇಲೆ ಮಲಗುತ್ತಿದ್ದೆ.

ನನಗೀಗ ಎಪ್ಪತ್ತು ದಾಟಿದೆ. ಅದೇ ಊರಿನ ಇನ್ನೊಂದು ತುದಿ ಕೋಥರೂಡದಲ್ಲಿ ಮೂರನೆಯ ಮಾಳಿಗೆಯ ಮನೆ, ಕಪಾಟಿನಲ್ಲಿ ಹನ್ನೊಂದು ಆಮೆಗಳು. ನಾಲ್ಕು ಅಪ್ಪನವು, ಏಳು ನಾನು ಕೂಡಿಸಿದವು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಲೆನ್ಸಿನ ಮೇಲೆ ಏನು ಬರೆದಿದೆ ಎಂದು ಓದಲು ಇಂದಿಗೂ ತಡವರಿಸುತ್ತೇನೆ, ಆದರೆ ಟಾರ್ಚು ಹಿಡಿದು ಗಾಜಿನೊಳಗೆ ನೋಡಿದರೆ ಅದರ ಹಣೆಬರಹ ಗೊತ್ತಾಗುತ್ತದೆ. ತಿಂಗಳಿಗೊಂದು ಫಿಲ್ಮು ಹಾಕಿಕೊಂಡು ಬೆಳಿಗ್ಗೆ ಹಳೆಯ ದಂಡಿನ ಪೇಟೆ ಕ್ಯಾಂಪಿಗೆ ಹೋಗುತ್ತೇನೆ, ಹಳೆಯ ಅಂಗಡಿಗಳು ಬಾಗಿಲು ತೆಗೆಯುವುದನ್ನು ಹಿಡಿಯುತ್ತೇನೆ. ಮೊಬೈಲು ಹಿಡಿದ ಹುಡುಗಿಯರು ಮುದುಕಿಯನ್ನು ನೋಡಿ ನಗುತ್ತಾರೆ. ನಗಲಿ. ಅಪ್ಪನ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟಾಗ ನನಗೆ ಸಿಗುವುದು ಅವರಿಗೆ ಸಿಗುವುದಿಲ್ಲ. ಕಿಂಡಿಯ ನಡುವೆ ಹಳದಿ ಬಣ್ಣದ ಸಣ್ಣ ಚೌಕವೊಂದಿದೆ. ಅದರಲ್ಲಿ ಎದುರಿಗಿರುವ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಒಬ್ಬ ಗಟ್ಟಿ, ಇನ್ನೊಬ್ಬ ನೆರಳಿನಷ್ಟು ತೆಳುವು. ಲೆನ್ಸಿನ ಕಡ್ಡಿಯನ್ನು ಬೆರಳಿನಿಂದ ಸರಿಸುತ್ತ ಹೋದರೆ ಆ ತೆಳುವಾದವನು ಮೆಲ್ಲಗೆ ನಡೆದು ಬಂದು ಗಟ್ಟಿಯಾದವನೊಳಗೆ ಸೇರಿಕೊಳ್ಳುತ್ತಾನೆ. ಆಗ ಗುಂಡಿ ಒತ್ತಬೇಕು. ಎಂಟು ವರ್ಷದವಳಿದ್ದಾಗ ಒಲೆಯ ಮುಂದಿದ್ದ ಅವ್ವನನ್ನು ಎಷ್ಟು ಸಲ ಎರಡು ಮಾಡಿ ಒಂದು ಮಾಡಿದ್ದೇನೋ. ಒಬ್ಬಳು ಅವ್ವ ರೊಟ್ಟಿ ಬಡಿಯುತ್ತಿದ್ದಳು, ಇನ್ನೊಬ್ಬಳು ಹೊಗೆಯಂಥವಳು ಅವಳ ಪಕ್ಕದಲ್ಲೇ ಸುಮ್ಮನೆ ತೇಲುತ್ತಿದ್ದಳು. ಆ ತೇಲುವವಳು ನನ್ನನ್ನು ಎಂದೂ ಬೈಯಲಿಲ್ಲ.

ಆ ಮನೆಯ ಮಧ್ಯಾಹ್ನಗಳು ಈಗ ನೀರಿನಡಿಯಲ್ಲಿ ಇಟ್ಟಂತೆ ನೆನಪಾಗುತ್ತವೆ. ಮುಂದಿನ ಕೋಣೆಯ ಕಿಟಕಿಗೆ ಹಲಗೆಯ ಬಾಗಿಲು. ಅದರಲ್ಲಿ ಅಪ್ಪ ಒಂದು ತೂತು ಕೊರೆದಿದ್ದ, ಯಾವ ಆಮೆಯ ಗಾಜು ಹೇಗಿದೆ ಎಂದು ನೋಡಲಿಕ್ಕೆ. ಬಾಗಿಲು ಮುಚ್ಚಿ ಕೋಣೆ ಕತ್ತಲಾದ ಮೇಲೆ ತೂತಿನಲ್ಲಿ ಲೆನ್ಸು ಕೂಡಿಸುತ್ತಿದ್ದ. ಅದರ ಹಿಂದೆ ಮೂರು ಬೆರಳು ದೂರದಲ್ಲಿ ಎಣ್ಣೆಕಾಗದ ಹಿಡಿಯುವುದು ನನ್ನ ಕೆಲಸ. ಕಾಗದದ ಮೇಲೆ ಅಂಗೈಯಷ್ಟು ರಸ್ತೆ ಬಂದು ಬೀಳುತ್ತಿತ್ತು, ತಲೆಕೆಳಗಾಗಿ. ಆಕಾಶ ಕೆಳಗೆ, ಬೇವಿನ ಮರ ಮೇಲಿನಿಂದ ಜೋತುಬಿದ್ದದ್ದು, ಪಾಳಿ ಮುಗಿಸಿದ ಕೆಲಸಗಾರರ ಸೈಕಲ್ಲುಗಳು ಬಾವಲಿಗಳ ಹಾಗೆ ಮೇಲೆ ಅಂಟಿಕೊಂಡು ಸದ್ದಿಲ್ಲದೆ ಹಾದುಹೋಗುತ್ತಿದ್ದವು. ಸದ್ದು ಹೊರಗೆ ಇದ್ದೇ ಇತ್ತು, ಆದರೆ ಅದು ಈ ಸೈಕಲ್ಲುಗಳದ್ದಲ್ಲ ಎಂದು ನನಗೆ ಅನ್ನಿಸುತ್ತಿತ್ತು. ನಾಲ್ಕರಲ್ಲಿ ಎರಡು ಆಮೆಗಳು ಹೊರಗಿನಿಂದ ಅಕ್ಕತಂಗಿಯರಂತೆ ಒಂದೇ ತರಹ. ಒಂದರ ಗಾಜು ಚೊಕ್ಕ. ಅದು ಬೇವಿನ ಎಲೆಯನ್ನು ಎಲೆಯಾಗಿಯೇ ತೋರಿಸುತ್ತಿತ್ತು. ಇನ್ನೊಂದರ ಗಾಜಿನೊಳಗೆ ಅಪ್ಪನ ಕೈಗೂ ಹೋಗದ ಮಂಜು ಕೂತಿತ್ತು. ಅದನ್ನು ತೂತಿಗಿಟ್ಟರೆ ರಸ್ತೆಗೆ ಹಾಲು ಸುರಿದಂತೆ. ಮನುಷ್ಯರ ಅಂಚು ಕರಗಿ ಬೆಳಕು ಒಸರುತ್ತಿತ್ತು, ಬೀದಿನಾಯಿಯೂ ದೇವರ ಪಟದಿಂದ ಇಳಿದು ಬಂದಂತೆ ಕಾಣುತ್ತಿತ್ತು. ನನಗೆ ಮಂಜಿನ ಆಮೆಯೇ ಇಷ್ಟ. ಮಕ್ಕಳಿಗೆ ಬುದ್ಧಿ ಕಡಿಮೆ.

ರವಿವಾರ ಬೆಳಿಗ್ಗೆ ಅವುಗಳ ಆರೈಕೆ. ಮೊದಲು ರಬ್ಬರಿನ ಬುರುಡೆಯಿಂದ ಗಾಳಿ ಊದಬೇಕು, ಆಮೇಲೆ ನೂರು ಸಲ ಒಗೆದು ಮೆತ್ತಗಾದ ಅಪ್ಪನ ಧೋತರದ ತುಂಡಿನಿಂದ ಒರೆಸಬೇಕು, ಗಾಜಿಗೆ ಬೆರಳು ತಾಗಿದರೆ ತಲೆಗೆ ಮೊಟಕು ಬೀಳುತ್ತಿತ್ತು. ಒರೆಸಿ, ಕ್ಯಾಮೆರಾಕ್ಕೆ ತೊಡಿಸಿ, ಕತ್ತು ಎಳೆದು ತಿರುಗಿಸಿ ಅಪ್ಪನ ಕೈಗೆ ಕೊಡುವ ಅಧಿಕಾರ ಹತ್ತನೆಯ ವರ್ಷಕ್ಕೆ ನನಗೆ ಬಂತು. ಅವ್ವ ಈ ಡಬ್ಬಿಯನ್ನು ಸವತಿಯಂತೆ ನೋಡುತ್ತಿದ್ದಳು, ಆದರೆ ಖಂಡೇನವಮಿಯ ಆಯುಧಪೂಜೆಯ ದಿನ ಅದಕ್ಕೂ ಪೂಜೆ ತಪ್ಪಿಸುತ್ತಿರಲಿಲ್ಲ. ಅಪ್ಪನ ಕಬ್ಬಿಣ ಉಜ್ಜುವ ರೇತಿ, ಪಾನಾ, ಇಕ್ಕಳಗಳ ಪಕ್ಕ ಆಮೆಗಳನ್ನೂ ಸಾಲಾಗಿ ಇಟ್ಟು ಕುಂಕುಮದ ಬಟ್ಟಲು ಹಿಡಿದು ಬರುತ್ತಿದ್ದಳು.

“ಗಾಜಿಗೆ ಹಚ್ಚಬ್ಯಾಡ!” ಅಪ್ಪ ಕೂಗುತ್ತಿದ್ದ.

“ದೇವ್ರ ಹಣಿಗೇ ಹಚ್ತೀವಿ. ನಿಮ್ಮ ಆಮಿ ಹಣಿ ಏನ್ ಬಂಗಾರದ್ದ?”

“ಅದು ಹಣಿ ಅಲ್ಲ, ಕಣ್ಣು!”

“ಹಂಗಾದ್ರ ಕಣ್ಣು ಮುಚ್ಚಕೊ ಅಂತ ಹೇಳ್ರಿ ಅದಕ್ಕ.”

ಆ ಮನೆಯಲ್ಲಿ ಗಂಗೂ ಅತ್ಯಾ ಇದ್ದಳು. ಅಪ್ಪನ ತಂಗಿ. ಸೋದರತ್ತೆಯನ್ನು ನಾವು ಇಲ್ಲಿ ಮರಾಠಿಯವರಂತೆ ಅತ್ಯಾ ಎನ್ನುತ್ತೇವೆ. ಚಿಕ್ಕಂದಿನಲ್ಲಿ ಸಿಡುಬು ಬಂದು ಮುಖದ ತುಂಬ ಕಲೆ ಬಿಟ್ಟುಹೋಗಿತ್ತು. ಸಣ್ಣಪುಟ್ಟ ಕಲೆಯಲ್ಲ. ಮಳೆಯ ಮೊದಲ ಹನಿ ಬಿದ್ದ ಧೂಳಿನ ಹಾಗೆ ಕೆನ್ನೆ, ಹಣೆ, ಮೂಗಿನ ತುದಿಯವರೆಗೆ. ಅವಳಿಗೆ ಇಪ್ಪತ್ತಾರು ದಾಟಿತ್ತು. ಸಾಲುಮನೆಯ ಹೆಂಗಸರ ಜಂಪರು ಹೊಲಿಯುತ್ತಿದ್ದಳು, ಹೊಲಿಗೆ ಒಂದು ನೂಲಿನಷ್ಟು ಆಚೀಚೆ ಆಗುತ್ತಿರಲಿಲ್ಲ. ಎರಡು ಸಲ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಎರಡು ಸಲವೂ ಅವಳು ಸೆರಗು ಹೊದ್ದು ಚಹಾದ ಹರಿವಾಣ ಹಿಡಿದು ಹೊರಗೆ ಬಂದಳು, ಅವರು ಮುಖ ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು, ಅವಲಕ್ಕಿ ತಿಂದು ಎದ್ದರು. ಎರಡನೆಯ ಸಲ ಒಬ್ಬ ಮುದುಕಿ ಮೆಟ್ಟಿಲು ಇಳಿಯುವ ಮೊದಲೇ “ಮೊದ್ಲ ಹೇಳಿದ್ರ ರೈಲಿನ ತಿಕೀಟು ಉಳೀತಿತ್ತು” ಎಂದಳು. ಅತ್ಯಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಅವಳು ಅಳಲಿಲ್ಲ. ಹರಿವಾಣವನ್ನು ಕೆಳಗಿಟ್ಟು, ತನ್ನ ಎರಡೂ ಅಂಗೈಯನ್ನು ಬಿಚ್ಚಿ ನೋಡಿಕೊಂಡಳು, ಸುಟ್ಟುಕೊಂಡವರ ಹಾಗೆ.

ನನ್ನ ಹತ್ತನೆಯ ವರ್ಷದ ಶ್ರಾವಣದಲ್ಲಿ ಸೊಲ್ಲಾಪುರದ ಒಂದು ಮನೆತನದವರು ಮೊದಲು ಫೋಟೋ ಕಳಿಸಿ, ಆಮೇಲೆ ನೋಡೋಣ ಎಂದು ಬರೆದರು. ಅವ್ವನಿಗೆ ಕೂಡಲೇ ಮಂಜಿನ ಆಮೆ ನೆನಪಾಯಿತು. ಹದಿನೈದು ವರ್ಷ ಆ ಡಬ್ಬಿಗೆ ಶಾಪ ಹಾಕಿದವಳು ಅಂದು ಅದನ್ನು ತಾನೇ ಕೆಳಗಿಳಿಸಿದಳು.

“ಆ ಹಾಲಿನಂಗ ಕಾಣಸ್ತದಲ್ಲ, ಅದರಾಗ ತಗೀರಿ. ಕಲಿ ಒಂದೂ ಕಾಣಂಗಿಲ್ಲ.”

“ಅದು ಸುಳ್ಳಾಗ್ತದ,” ಎಂದ ಅಪ್ಪ.

“ಪೌಡರ್ ಹಚ್ಚಿದ್ರ ಸುಳ್ಳಲ್ಲ, ಇದು ಸುಳ್ಳು? ಒಂದ್ಸಲ ಹೂಂ ಅಂದಮ್ಯಾಲೆ ಬಂದು ನೋಡಿ ಬ್ಯಾಡ ಅನ್ನೂದು ಕಷ್ಟ ಆಗ್ತದ್ರಿ. ನಿಮ್ಮ ತಂಗಿ, ನನಗೇನು?”

ಅಪ್ಪ ಮೂರನೆಯ ದಿನ ಒಪ್ಪಿದ. ಅತ್ಯಾಳನ್ನು ಯಾರೂ ಕೇಳಲಿಲ್ಲ. ಶನಿವಾರ ಸಂಜೆ ನಾನು ಪುಂಡಿಪಲ್ಲೆ ಸೋಸುತ್ತ ಕೂತಿದ್ದಾಗ ಅವಳು ಪಕ್ಕದಲ್ಲಿ ಬಂದು ಕುಳಿತು ತಾನೂ ಸೊಪ್ಪು ಬಿಡಿಸತೊಡಗಿದಳು.

“ಕಸ್ತೂರಿ, ನಾಳೆ ಆಮಿ ತೊಡಸಾಕಿ ನೀನ ಹೌದಿಲ್ಲೋ?”

“ಹೂಂ.”

“ಚೊಕ್ಕಂದು ತೊಡಸು. ಎರಡೂ ಒಂದ ತರಾ ಅದಾವ, ಅಣ್ಣಗ ತಿಳಿಯಂಗಿಲ್ಲ.”

“ಅವ್ವ ಹೊಡೀತಾಳ.”

“ಹೊಡೀಲಿ. ನಿನಗ ಒಂದು ಏಟು ಬೀಳ್ತದ. ನಾ ಮತ್ತೊಮ್ಮೆ ಚಹಾ ಹಿಡಕೊಂಡು ಹೊರಗ ಬಂದ್ರ ನನಗೆಷ್ಟು ಬೀಳ್ತಾವ, ಎಣಸು.”

ರವಿವಾರ ಹಿತ್ತಲಿನಲ್ಲಿ ಪೇರಲ ಗಿಡದ ಕೆಳಗೆ ಕುರ್ಚಿ ಹಾಕಿದರು. ಅತ್ಯಾ ನೀಲಿ ಇಳಕಲ್ ಸೀರೆ ಉಟ್ಟಿದ್ದಳು. ಅವ್ವ ಅವಳ ಮುಖಕ್ಕೆ ಗೋಡೆಗೆ ಸುಣ್ಣ ಬಳಿದಂತೆ ಪೌಡರು ಬಳಿದಿದ್ದಳು. ಒಳಗೆ ನಾನು ಆಮೆ ಬದಲಿಸಿದೆ. ಚೊಕ್ಕದನ್ನು ತೊಡಿಸಿದೆ, ಕತ್ತು ಎಳೆದೆ. ಅಷ್ಟರಲ್ಲಿ ಅವ್ವ “ಎಷ್ಟೊತ್ತ ಏ?” ಎಂದು ಒಳಗೇ ಬಂದುಬಿಟ್ಟಳು, ನಾನು ಕತ್ತು ತಿರುಗಿಸಿ ಬಿಗಿಯುವುದನ್ನು ಮರೆತು ಕ್ಯಾಮೆರಾ ಹಿಡಿದು ಹಿತ್ತಲಿಗೆ ಓಡಿದೆ. ಅಪ್ಪ ಎಂದೂ ತಾನೇ ಒಮ್ಮೆ ಮುಟ್ಟಿ ನೋಡದೆ ಫೋಟೋ ತೆಗೆದವನಲ್ಲ. ಅಂದು ಅವ್ವ ಬಲಗಡೆ ನಿಂತು ಸೆರಗು ಹೀಗಿರಲಿ, ಗದ್ದ ಹಾಗಿರಲಿ ಎನ್ನುತ್ತ ಅವನ ತಲೆ ತಿನ್ನುತ್ತಿದ್ದಳು, ಅವನಿಗೂ ಮಾಡುತ್ತಿರುವ ಕೆಲಸ ಮನಸ್ಸಿಗೆ ಬಂದಿರಲಿಲ್ಲ. ಬೇಗ ಮುಗಿಸಬೇಕಿತ್ತು. ಬಿಗಿಯದ ಆಮೆ ಅವನ ಅಂಗೈ ತಾಗಿ ಅರ್ಧ ಬೆರಳಿನಷ್ಟು ಒಳಗೆ ಸರಿಯಿತು. ಈ ಕ್ಯಾಮೆರಾದ ಮೋಸವೇ ಅದು. ಕಿಂಡಿ ಲೆನ್ಸಿನ ಗಾಜಿನೊಳಗಿಂದ ನೋಡುವುದಿಲ್ಲ, ತನ್ನ ಪಾಡಿಗೆ ತಾನು ಬೇರೆ ಕಡೆಯಿಂದ ನೋಡುತ್ತದೆ. ಲೆನ್ಸು ಕತ್ತು ಒಳಗೆಳೆದುಕೊಂಡು ಕುರುಡಾಗಿದ್ದರೂ ಕಿಂಡಿಯಲ್ಲಿ ಎಲ್ಲವೂ ಚೊಕ್ಕವಾಗಿಯೇ ಕಾಣುತ್ತದೆ. ಅಪ್ಪ ಎರಡು ಅತ್ಯಾಗಳನ್ನು ಜೋಪಾನವಾಗಿ ಒಂದು ಮಾಡಿ ಎಂಟು ಫೋಟೋ ತೆಗೆದ.

ಕ್ಯಾಂಪಿನ ಸ್ಟುಡಿಯೋದಿಂದ ಬುಧವಾರ ಪ್ರತಿಗಳು ಬಂದವು. ಎಂಟರಲ್ಲಿಯೂ ಒಂದು ಕುರ್ಚಿಯ ಮೇಲೆ ಒಂದು ಕಪ್ಪು ಮೋಡ, ಮೋಡದ ಮೇಲೆ ಒಂದು ಬಿಳಿ ಮೋಡ. ಪೇರಲ ಗಿಡ ಹೊಗೆಯಾಗಿತ್ತು. ಈಗಲೂ ಅವು ನನ್ನ ಹತ್ತಿರ ಇವೆ. ಕನಸಿನಲ್ಲಿ ಕಂಡವರ ಮುಖ ಎದ್ದ ಮೇಲೆ ಹೇಗೆ ಉಳಿಯುತ್ತದೋ, ಸರಿಯಾಗಿ ಹಾಗೆ. ಇಂದಿನವರು ಅದಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿಯಾರು. ಅವ್ವ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಛಲೋ ಬಂದದ. ಒಂದೂ ಕಲಿ ಕಾಣೂದಿಲ್ಲ.”

“ಮುಖಾನ ಕಾಣೂದಿಲ್ಲಲ್ಲ, ಮಾರಾಯ್ತಿ!” ಎಂದ ಅಪ್ಪ.

“ಬಣ್ಣ ಬೆಳ್ಳಗ ಕಾಣಸ್ತದಲ್ಲ, ಸಾಕು ಕಳಸ್ರಿ.”

ಅತ್ಯಾ ಅವ್ವನ ಕಡೆ ನೋಡಿ ಮೊದಲ ಬಾರಿಗೆ ನಕ್ಕಳು. “ವೈನಿ, ಇದನ್ನ ಕಳಸಿದ್ರ ಅವರು ಕುರ್ಚಿ ನೋಡಾಕ ಬರ್ತಾರ.” ಅಪ್ಪ ನಗಲಿಲ್ಲ. ಮಂಜಿನ ಆಮೆ ಪೂರ್ತಿ ಕುರುಡಾಯಿತು ಎಂದು ಅವನ ಲೆಕ್ಕ. ಅದನ್ನು ಡಬ್ಬಿಯಿಂದ ತೆಗೆದು ಇಕ್ಕಳ ಹಿಡಿದು ಕೂತ. ಆ ಗಾಜು ಅಂಟುಹಾಕಿದ್ದು, ಬಿಚ್ಚಲು ಹೋದರೆ ಒಡೆಯುತ್ತದೆ ಎಂದು ಅವನೇ ನನಗೆ ಹೇಳಿಕೊಟ್ಟಿದ್ದ. ಇಕ್ಕಳದ ಬಾಯಿ ಲೆನ್ಸಿನ ಹಿತ್ತಾಳೆಯ ಬಳೆಗೆ ತಾಗಿದಾಗ ನನಗೆ ತಡೆಯಲಾಗಲಿಲ್ಲ. ಅದು ಏನೂ ಮಾಡಿಲ್ಲ, ಕ್ಯಾಮೆರಾಕ್ಕೆ ತೊಡಿಸಿದ್ದು ಚೊಕ್ಕದನ್ನು, ಕತ್ತು ಬಿಗಿಯದೆ ಕೊಟ್ಟವಳು ನಾನು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅಪ್ಪ ಇಕ್ಕಳ ಕೆಳಗಿಟ್ಟು ನನ್ನ ಕೆನ್ನೆಗೆ ಒಂದು ಬಿಟ್ಟ.

“ಬದಲಿ ಮಾಡು ಅಂತ ಯಾರು ಹೇಳಿದ್ರು?”

ನಾನು ಬಾಯಿ ಬಿಡಲಿಲ್ಲ. ಇನ್ನೊಂದು ಬಿತ್ತು. ಅತ್ಯಾ ಹಿಟ್ಟಿನ ಕೈಯಲ್ಲೇ ಅಡುಗೆಕೋಣೆಯಿಂದ ಬಂದು ನಮ್ಮ ನಡುವೆ ನಿಂತಳು.

“ನಾ ಹೇಳ್ದೆ. ನನಗ ಹೊಡಿ.”

“ನಿನ್ನ ಒಳ್ಳೇದಕ್ಕ ಮಾಡಿದ್ದೆ, ಗಂಗೂ.”

“ಅಣ್ಣಾ, ನೀ ಮಂಜಿನ್ಯಾಗ ತಗದು ಕಳಸ್ತೀ. ಅವರು ಹೂಂ ಅಂತಾರ. ಆಮ್ಯಾಲೆ ನನ್ನ ಖರೇ ಮಾರಿ ತಗೊಂಡು ಅವರ ಎದರಿಗೆ ನಿಂದರಬೇಕಾದಾಕಿ ನಾನ. ಮಂಜು ಇಲ್ಲೇ ಡಬ್ಬ್ಯಾಗ ಉಳೀತದ, ನನ್ನ ಜೋಡಿ ಬರಂಗಿಲ್ಲ. ಬ್ಯಾಡ ಅನ್ನಾವ್ರು ಫೋಟೋಕ್ಕ ಬ್ಯಾಡ ಅನ್ಲಿ. ನನ್ನ ಮುಂದ ನಿಂತು ಅನ್ನೂದು ಬ್ಯಾಡ.”

ಹಿಂದೆ ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬಂತು, ಯಾರೂ ಕದಲಲಿಲ್ಲ. ಆಮೇಲೆ ಅಪ್ಪ ಕ್ಯಾಮೆರಾ ಎತ್ತಿ ನನ್ನ ಕೈಗೆ ಕೊಟ್ಟ. “ನೀನ ತಗಿ,” ಎಂದ. ಅದು ಶಿಕ್ಷೆಯೋ ಬಹುಮಾನವೋ ಇಂದಿಗೂ ನನಗೆ ಗೊತ್ತಿಲ್ಲ. ತಂಗಿಯ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಚೊಕ್ಕವಾಗಿ ನೋಡುವ ಧೈರ್ಯ ಅವನಿಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅತ್ಯಾ ಮುಖ ತೊಳೆದು ಬಂದಳು. ಪೌಡರಿಲ್ಲ. ಮುಂಬಾಗಿಲ ಚೌಕಟ್ಟಿನ ಹತ್ತಿರ, ಬೆಳಕು ಅಡ್ಡಡ್ಡ ಬೀಳುವ ಕಡೆ, ಸ್ಟೂಲು ಹಾಕಿಕೊಂಡು ಕುಳಿತಳು. ಅಡ್ಡ ಬೆಳಕಿನಲ್ಲಿ ಒಂದೊಂದು ಕಲೆಗೂ ಒಂದೊಂದು ನೆರಳು ಬರುತ್ತದೆ, ಅದು ಅವಳಿಗೆ ಗೊತ್ತಿತ್ತು. ಕತ್ತು ಎಳೆದೆ, ಬಲಕ್ಕೆ ತಿರುಗಿಸಿದೆ, ಕಟ್ ಎಂದದ್ದನ್ನು ಕೇಳಿಸಿಕೊಂಡೆ. ಕಿಂಡಿಗೆ ಕಣ್ಣಿಟ್ಟೆ. ಹಳದಿ ಚೌಕದಲ್ಲಿ ಅತ್ಯಾ ಇಬ್ಬರಿದ್ದಳು. ಕಡ್ಡಿ ಸರಿಸಿದಂತೆ ತೆಳುವಾದವಳು ದಡ ಕಾಣದ ದೋಣಿಯ ಹಾಗೆ ಆಚೆ ಈಚೆ ತೂಗಾಡಿದಳು. ಹೊರಗೆ ಪಾಳಿಯ ಸೈಕಲ್ಲುಗಳು ಹೋಗುತ್ತಿದ್ದವು, ಅವುಗಳ ಚಕ್ರದ ಹೊಳಪು ಅವಳ ಕೆನ್ನೆಯ ಮೇಲೆ ಮೀನಿನಂತೆ ಹರಿದು ಹೋಗುತ್ತಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಗಾಜನ್ನು ನೋಡುತ್ತಿದ್ದಳು, ಅದರಾಚೆ ಇರುವ ಯಾರನ್ನೋ. ತೆಳುವಾದವಳು ಮೆಲ್ಲಗೆ ಬಂದು ಸೇರಿದಳು. ಒತ್ತಿದೆ. ಅಷ್ಟು ಮೆತ್ತಗಿನ ಸದ್ದನ್ನು ನಾನು ಮತ್ತೆ ಕೇಳಿಲ್ಲ. ನಾನು ಬಹಳ ಒರಟಾಗಿ ಮಾತಾಡುತ್ತೇನೆ ಎಂದು ನನ್ನ ಸೊಸೆಯ ದೂರು. ಇರಬಹುದು. ಹತ್ತನೆಯ ವರ್ಷಕ್ಕೆ ಒಬ್ಬ ಹೆಂಗಸು ತನ್ನ ಮುಖವನ್ನು ಇದ್ದಂತೆ ತೆಗೆ ಎಂದು ನನ್ನ ಕೈಗೆ ಕೊಟ್ಟಳು. ಅದಾದ ಮೇಲೆ ಸವರಿ ಮಾತಾಡುವುದು ನನಗೆ ಹತ್ತಲಿಲ್ಲ.

ಫೋಟೋ ಬಂದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹುಬ್ಬಿನ ಕೂದಲು ಎಣಿಸುವಂತಿತ್ತು. ಅತ್ಯಾ ಲಕೋಟೆಯ ಮೇಲೆ ತಾನೇ ವಿಳಾಸ ಬರೆದು, ತಾನೇ ಹೋಗಿ ಪೆಟ್ಟಿಗೆಗೆ ಹಾಕಿ ಬಂದಳು. ಮೂರನೆಯ ವಾರ ಸೊಲ್ಲಾಪುರದಿಂದ ಅದೇ ಫೋಟೋ ಮರಳಿ ಬಂತು, ಜೊತೆಗೆ ಜಾತಕ ಕೂಡಲಿಲ್ಲವೆಂಬ ಎರಡು ಸಾಲು. ಜಾತಕ ನಾವು ಕಳಿಸಿರಲೇ ಇಲ್ಲ. ಅವ್ವ ದೇವರ ಮುಂದೆ ಕೂತುಬಿಟ್ಟಳು. ಅತ್ಯಾ ಫೋಟೋದ ಮೂಲೆ ಮಡಚಿದೆಯೇ ಎಂದು ನೋಡಿ, “ಇದು ಹೋಗಿ ಬಂತು, ನಾ ಹೋಗೂದು ತಪ್ಪಿತು” ಎಂದು ಮಷಿನ್ನಿನ ಮುಂದೆ ಕುಳಿತು ಹೊಲಿಗೆ ಮುಂದುವರಿಸಿದಳು. ಅವ್ವನ ಸೋದರಮಾವ ಇನ್ನೂ ಎರಡು ಕಡೆ ಕಳಿಸಿದ. ಎರಡೂ ಮರಳಿ ಬಂದವು. ಮನೆಗೆ ಯಾರೂ ಬರಲಿಲ್ಲ, ಯಾರೂ ಅವಲಕ್ಕಿ ತಿಂದು ಏಳಲಿಲ್ಲ. ಅವ್ವ ಮಾತ್ರ ದಿನಾ ಸಂಜೆ ಮಂಜಿನ ಆಮೆಯ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ನಾಲ್ಕನೆಯದು ಮಿರಜಕ್ಕೆ ಹೋಯಿತು. ಅಲ್ಲಿಂದ ಫೋಟೋ ಬರಲಿಲ್ಲ, ಮನುಷ್ಯನೇ ಬಂದ. ಮುಂದೆ ಅತ್ಯಾಳ ಗಂಡನೆಂದು ನಾನು ಮಾಮಾ ಎಂದು ಕರೆದ ಆ ಮನುಷ್ಯ ರೈಲ್ವೆಯಲ್ಲಿ ಹಳಿ ತಿರುಗಿಸುವ ಕೆಲಸದವನು, ಮೂವತ್ತೈದು ದಾಟಿದವನು, ಕಿವಿಯ ಹತ್ತಿರ ಕೂದಲು ನೆರೆತಿತ್ತು. ತನ್ನ ದೊಡ್ಡವ್ವನೊಬ್ಬಳನ್ನು ಕರೆದುಕೊಂಡು ದೀಪಾವಳಿ ಮುಗಿದ ರವಿವಾರ ನಮ್ಮ ಕಟ್ಟೆ ಹತ್ತಿದ. ಅವ್ವ ಅವಸರದಲ್ಲಿ ಅವಲಕ್ಕಿ ಒಗ್ಗರಿಸಿ, ಚಹಾ ಸೋಸಿ, ಹರಿವಾಣ ಅತ್ಯಾಳ ಕೈಗೆ ಚಾಚಿದಳು. ಅತ್ಯಾ ಅದನ್ನು ಮುಟ್ಟಲಿಲ್ಲ. ಬರಿಗೈಯಲ್ಲಿ ಹೊರಗೆ ಹೋಗಿ ಬಂದವರ ಎದುರಿಗೇ, ಬಾಗಿಲ ಬೆಳಕಿನಲ್ಲಿ, ಸ್ಟೂಲಿನ ಮೇಲೆ ಕುಳಿತಳು. ಅವ್ವ ತಾನೇ ಚಹಾ ತಂದಿಟ್ಟಳು. ಆ ಮನುಷ್ಯ ಅಂಗಿಯ ಕಿಸೆಯಿಂದ ಫೋಟೋ ತೆಗೆದ, ಅದನ್ನು ನೋಡಿದ, ಅವಳನ್ನು ನೋಡಿದ.

“ಫೋಟೋದಾಗ ಇದ್ದಂಗ ಇದ್ದೀರಿ,” ಎಂದ.

“ಮತ್ತ ಹೆಂಗ ಇರಬೇಕಿತ್ತು?” ಎಂದಳು ಅತ್ಯಾ.

“ಹಂಗಲ್ರಿ. ಹಿಂದ ಎರಡು ಕಡೆ ಹೋಗಿದ್ದೆ. ಫೋಟೋದಾಗ ಒಬ್ಬಾಕಿ, ಮನ್ಯಾಗ ಒಬ್ಬಾಕಿ. ಆ ಹುಡುಗ್ಯಾರ ಮಾರಿ ನೋಡಿದ್ರ ನನಗ ನಾಚಿಕಿ ಆಗ್ತಿತ್ತು. ಅವರದೇನೂ ತಪ್ಪಿರಲಿಲ್ಲ.”

ಅತ್ಯಾ ಎದ್ದು ಒಳಗೆ ಹೋದಳು. ಅವ್ವ ನನ್ನ ತೋಳು ಹಿಡಿದು ಹಿಂಡಿದಳು, ಎಲ್ಲ ಮುಗಿಯಿತು ಎನ್ನುವಂತೆ. ಒಳಗೆ ಪಾತ್ರೆಯ ಸದ್ದು. ಮತ್ತೆ ಹೊರಗೆ ಬಂದಾಗ ಅತ್ಯಾಳ ಕೈಯಲ್ಲಿ ಅವಲಕ್ಕಿಯ ತಟ್ಟೆಯಿತ್ತು, ತನಗೆಂದೇ ಬಡಿಸಿಕೊಂಡದ್ದು. ಸ್ಟೂಲನ್ನು ಒಂದು ಮೊಳ ಮುಂದಕ್ಕೆ ಎಳೆದುಕೊಂಡು ಅವನೆದುರಿಗೇ ಕುಳಿತಳು. ಬಾಗಿಲಲ್ಲಿ ನಿಂತ ಅವ್ವ ಕಣ್ಣಿನಲ್ಲೇ ಬೇಡ, ಬೇಡ ಎನ್ನುತ್ತಿದ್ದಳು. ಅತ್ಯಾ ಅತ್ತ ನೋಡದೆ, ಅವಲಕ್ಕಿಯ ಮೇಲೆ ನಿಂಬೆಹಣ್ಣು ಹಿಂಡಿಕೊಂಡಳು.